ಬಾಡಿಗೆ ಗಿರಾಕಿಗಳು

ಮೆಟ್ರಿಯ ಕರೆಮ್ಮನ ಮನೆ ಮುಂದೆ ಕಾರು ನಿಂತರೆ ಊರವರು ಎರಡೇ ಅರ್ಥ ಮಾಡಿಕೊಳ್ಳುತ್ತಿದ್ದರು. ಒಂದು, ಎಲೆಕ್ಷನ್ ಬಂತು. ಇಲ್ಲವೆಂದರೆ ಯಾವನೋ ದೊಡ್ಡ ಜಮೀನಿನವನಿಗೆ ನಾಟಿಗೆ ಆಳು ಸಿಕ್ಕಿಲ್ಲ. ಕರೆಮ್ಮ ಹೆಣ್ಣಾಳುಗಳ ಮೇಸ್ತ್ರಿ. ಕಾಲುವೆಗೆ ನೀರು ಬಿಟ್ಟರೆ ಭತ್ತದ ನಾಟಿ, ಆಮೇಲೆ ಕಳೆ, ಆಮೇಲೆ ಕೊಯ್ಲು. ಓಟಿನ ಕಾಲದಲ್ಲಿ ಪಾರ್ಟಿ ಯಾವುದೇ ಇರಲಿ, ಮೈದಾನ ತುಂಬಿಸಲು ಟ್ರ್ಯಾಕ್ಟರುಗಟ್ಟಲೆ ಮಂದಿ. ಕೂಲಿ ಮುಂಗಡ ಕೈಗೆ ಬೀಳದೆ ಅವಳು ಒಬ್ಬ ಮುದುಕಿಯನ್ನೂ ಟ್ರೇಲರ್ ಹತ್ತಿಸಿದವಳಲ್ಲ. ದೇವರ ಮೇಲೆ ಅವಳಿಗೆ ನಂಬಿಕೆ ಇತ್ತು. ಮೈಕು ಹಿಡಿಯುವವರ ಮೇಲೆ ಇರಲಿಲ್ಲ.

ಆ ದಿನ ಬಿಳಿ ಕಾರಿನಿಂದ ಇಳಿದವನು ಕಂಪ್ಲಿಯ ವಿಜಯಕುಮಾರ್. ಬಜಾರಿನಲ್ಲಿ ಎರಡು ಮಹಡಿಯ ಬಟ್ಟೆ ಅಂಗಡಿ ಇಟ್ಟವನು, ಬಜಾರ್ ಅಭಿವೃದ್ಧಿ ಸಮಿತಿಯ ಅಧ್ಯಕ್ಷ. ಆ ಸಮಿತಿ ಬಜಾರಿಗೆ ಮಾಡಿದ ಅಭಿವೃದ್ಧಿ ಎಂದರೆ ವರ್ಷಕ್ಕೊಮ್ಮೆ ಅಧ್ಯಕ್ಷನ ಹುಟ್ಟುಹಬ್ಬಕ್ಕೆ ಫ್ಲೆಕ್ಸ್ ಕಟ್ಟುವುದು. ಅವನು ಅಂಗಳದ ಪ್ಲಾಸ್ಟಿಕ್ ಕುರ್ಚಿಯನ್ನು ಕರ್ಚೀಫಿನಿಂದ ಒರೆಸಿ ಕೂತ. ಕರೆಮ್ಮ ಅದನ್ನು ನೋಡಿಯೂ ನೋಡದವಳಂತೆ ಎಲೆಗೆ ಸುಣ್ಣ ಹಚ್ಚಿದಳು.

"ಕರೆಮ್ಮಕ್ಕ, ಮಂದಿ ಬೇಕಾಗಿತ್ತು."

"ಈಗ ಯಾವ ಎಲೆಕ್ಷನ್ನು?"

"ಎಲೆಕ್ಷನ್ ಅಲ್ಲ. ಗಿರಾಕಿ ಬೇಕು."

ಕರೆಮ್ಮ ಎಲೆಯನ್ನು ಬಾಯಿಗೆ ಇಡುವುದನ್ನು ಮರೆತಳು. ವಿಜಯಕುಮಾರ್ ಬಿಡಿಸಿ ಹೇಳಿದ. ಹೈದರಾಬಾದಿನ ಒಂದು ಕಂಪನಿ ಸಣ್ಣ ಊರುಗಳ ಹಳೇ ಪೇಟೆಬೀದಿಗಳಿಗೆ ಬಂಡವಾಳ ಹಾಕುತ್ತದೆಯಂತೆ. ಬೀದಿಗೆ ಕಲ್ಲು ಹಾಸುತ್ತಾರೆ, ದೀಪ, ಪಾಯಖಾನೆ, ಗಾಡಿ ನಿಲ್ಲಿಸಲು ಜಾಗ ಮಾಡುತ್ತಾರೆ. ನಟ್ಟನಡುವೆ ತಮ್ಮದೊಂದು ದೊಡ್ಡ ಅಂಗಡಿ ತೆರೆಯುತ್ತಾರೆ. ಆದರೆ ಹಾಕುವ ಮುಂಚೆ ಬೀದಿಯಲ್ಲಿ ಎಷ್ಟು ಜನ ಓಡಾಡುತ್ತಾರೆ ಎಂದು ಕಣ್ಣಾರೆ ನೋಡಿ ಎಣಿಸುತ್ತಾರೆ. ಬರುವ ಶುಕ್ರವಾರ ಕಂಪನಿಯ ಸಾಹೇಬ ಬರುವವನಿದ್ದ.

"ಎಣಿಸ್ಲಿ ಬಿಡ್ರಿ. ಇದ್ದಷ್ಟು ಎಣಿಸ್ತಾನ."

"ಇದ್ರ ಅಲ್ಲೇನು?" ಎಂದ ವಿಜಯಕುಮಾರ್. "ಅರ್ಧ ಮಂದಿ ಹೊಸಪೇಟಿಗೆ ಹೊಕ್ಕಾರ, ಅರ್ಧ ಮಂದಿ ಹೊಳಿ ದಾಟಿ ಗಂಗಾವತಿಗೆ ಹೊಕ್ಕಾರ. ಉಳಿದೋರು ಮನ್ಯಾಗ ಕುಂತು ಫೋನ್ನಾಗ ತರಿಸ್ತಾರ."

"ನಿಮ್ಮಂಗಡಿ ಸೀರಿ ಒಂದ್ಸಲ ಒಗದ್ರ ಬಣ್ಣೆಲ್ಲ ಬಕೀಟಿನಾಗ ಉಳಿತೈತಿ. ಅದಕ್ಕ ಹೊಳಿ ದಾಟ್ತಾರ."

ವಿಜಯಕುಮಾರ್ ನಕ್ಕ. ನಗುವುದು ಅವನಿಗೆ ಕಸುಬು. "ಕೂಲಿ ಮುಂಗಡ ಕೊಡ್ತೀನಿ, ಮಧ್ಯಾಹ್ನ ಪಲಾವ್. ಮ್ಯಾಲೆ ನಿನಗ ಅಂತ ಒಂದು ಐತಿ. ಬಜಾರದ ಮೂಲಿ ಶಟ್ರು, ಬೀಗ ಬಿದ್ದ ಮಳಿಗಿ. ನಿನ್ನ ಮಗಳಿಗೆ."

ಒಳಗೆ ಟಕಟಕ ಓಡುತ್ತಿದ್ದ ಹೊಲಿಗೆ ಮಿಷನ್ ನಿಂತಿತು.

ಕರೆಮ್ಮನ ಮಗಳು ಪಲ್ಲವಿ ಬ್ಲೌಸ್ ಹೊಲಿಯುವುದರಲ್ಲಿ ಎತ್ತಿದ ಕೈ. ಹೊಸಪೇಟೆಯಲ್ಲಿ ಕಲಿತು ಬಂದವಳು. ಆದರೆ ಮದುವೆ ಬ್ಲೌಸಿನ ಗಿರಾಕಿಗಳು ಕಂಪ್ಲಿಯಿಂದ ಮೆಟ್ರಿಗೆ ಬರುವುದಿಲ್ಲ. ಅಳತೆ ಕೊಡಲು ಗದ್ದೆ ದಾಟಿ ಯಾರು ಬರುತ್ತಾರೆ? ಬಜಾರಿನಲ್ಲಿ ಒಂದು ಮಳಿಗೆ ಸಿಕ್ಕಿದರೆ ಅವಳ ಬದುಕು ನಿಂತೀತು. ಎರಡು ವರ್ಷದಿಂದ ತಾಯಿ ಮಗಳು ಆ ಬೀದಿಯ ಪ್ರತಿ ಬಾಗಿಲಿಗೂ ಹೋಗಿದ್ದರು. ಬಳೆ ಅಂಗಡಿಯ ಸಾಬರು, ಬಂಗಾರದ ಅಂಗಡಿಯ ಶೆಟ್ಟರು, ಪಾತ್ರೆ ಅಂಗಡಿಯ ಮಾರ್ವಾಡಿ, ಬೀಜದ ಅಂಗಡಿಯ ಗೌಡರು. ದೇವರು ಬೇರೆ, ಭಾಷೆ ಬೇರೆ, ಹಬ್ಬ ಬೇರೆ, ಕೂಲಿ ಮೇಸ್ತ್ರಿಯ ಮಗಳಿಗೆ ಕೊಟ್ಟ ಉತ್ತರ ಮಾತ್ರ ಎಲ್ಲರದೂ ಒಂದೇ: "ನಮಗೇ ಜಾಗ ಸಾಲಂಗಿಲ್ಲವ್ವ." ಮೂಲೆ ಶಟರು ವಿಜಯಕುಮಾರನ ಲೀಸಿನಲ್ಲಿತ್ತು, ವರ್ಷಗಟ್ಟಲೆ ಬೀಗ ಬಿದ್ದು ತುಕ್ಕು ತಿನ್ನುತ್ತಿತ್ತು. ಅದನ್ನು ಕೇಳಿದಾಗ ಅವನು, "ಅದ್ರಾಗ ಕಮಿಟಿ ಸಾಮಾನು ಅದಾವ" ಎಂದಿದ್ದ.

"ಈಗ ಸಾಮಾನು ಎಲ್ಲಿಗ್ಹೋದ್ವು?" ಎಂದಳು ಕರೆಮ್ಮ.

"ತೆಗಸ್ತೀನಿ. ಸಾಹೇಬ್ರು ಹೋದ ಸಂಜಿಗೆ ಕೀಲಿ ನಿನ್ನ ಕೈಯಾಗ."

ಅವನು ಹೋದ ಮೇಲೆ ಪಲ್ಲವಿ ಹೊಸಿಲಿಗೆ ಬಂದು ನಿಂತಳು. "ಅವ ಕೊಡ್ತಾನಂತ ಅನಸ್ತೈತೇನಬೇ?"

"ಕೊಡಂಗಿಲ್ಲ," ಎಂದಳು ಕರೆಮ್ಮ. "ತಗಂಡ್ರ ಬರ್ತೈತಿ."

ಶುಕ್ರವಾರ ಬೆಳಿಗ್ಗೆ ಮೂರು ಟ್ರ್ಯಾಕ್ಟರುಗಳಲ್ಲಿ ಹೆಂಗಸರು ಕಂಪ್ಲಿಗೆ ಬಂದಿಳಿದಾಗ ಬಜಾರನ್ನು ಗುರುತು ಹಿಡಿಯುವುದೇ ಕಷ್ಟವಾಗಿತ್ತು. ಬೀದಿಯ ಬಾಯಿಗೆ ಥರ್ಮಾಕೋಲಿನ ಎರಡು ಹಂಪಿ ಕಂಬ ನಿಲ್ಲಿಸಿದ್ದರು. ಹೊಳೆಗಾಳಿಗೆ ಅವು ಕುಡಿದವರಂತೆ ತೂರಾಡುತ್ತಿದ್ದವು; ಕೊನೆಗೆ ಎಮ್ಮೆ ಕಟ್ಟುವ ಹಗ್ಗದಲ್ಲಿ ಕರೆಂಟು ಕಂಬಕ್ಕೆ ಬಿಗಿದಿದ್ದರು. ಚರಂಡಿಯ ಮೇಲೆ ಹಸಿರು ಮ್ಯಾಟು ಹಾಸಿದ್ದರು. ನಾತಕ್ಕೆ ಮ್ಯಾಟು ಹಾಸಲು ಬರುವುದಿಲ್ಲವಾದ್ದರಿಂದ ಊದುಬತ್ತಿ ಹಚ್ಚಿದ್ದರು. ಇನ್ನು ಆ ಬೀದಿಯಲ್ಲಿ ದಿನಾಲೂ ನಿಜವಾಗಿ ವ್ಯಾಪಾರ ಮಾಡುತ್ತಿದ್ದವರು ಯಾರೋ ಅವರನ್ನೆಲ್ಲ ಅಸಹ್ಯ ಕಾಣುತ್ತದೆಂದು ಎಬ್ಬಿಸಿ ಕಳಿಸಿದ್ದರು. ಮಿರ್ಚಿ ಬಂಡಿಯ ಹೊನ್ನೂರುಸ್ವಾಮಿ ಇಲ್ಲ, ಮೂಲೆಯಲ್ಲಿ ಕೂತು ಚಪ್ಪಲಿ ಹೊಲಿಯುವ ಮುದುಕಪ್ಪ ಇಲ್ಲ, ಹೂವಿನವರಿಲ್ಲ, ಬಾಳೆಹಣ್ಣಿನವರಿಲ್ಲ. ಮಾರುವವರನ್ನು ಓಡಿಸಿ ಕೊಳ್ಳುವವರನ್ನು ಬಾಡಿಗೆಗೆ ತಂದ ಬೀದಿ ಅದು. ಇಂಥ ಬುದ್ಧಿ ಕತ್ತೆಗೂ ಹೊಳೆಯುವುದಿಲ್ಲ. ಅದಕ್ಕೆ ಸಮಿತಿಯೇ ಬೇಕು.

ವಿಜಯಕುಮಾರ್ ಎಲ್ಲರಿಗೂ ತನ್ನ ಅಂಗಡಿಯ ಹೆಸರಿನ ಕೈಚೀಲ ಹಂಚಿದ. ತುಂಬಿದಂತೆ ಕಾಣಲೆಂದು ಒಳಗೆ ಭತ್ತದ ಹುಲ್ಲು ತುರುಕಿದ್ದರು. ಹೆಂಗಸರು ಹಬ್ಬದ ಸೀರೆ ಉಟ್ಟು ಬಂದಿದ್ದರು. ಗುಂಪಿನ ಹಿರಿಯಳು, ಬಾಯಿ ನಿಲ್ಲದ ಉಚ್ಚೆಂಗಮ್ಮ, ಹಸಿರು ಸೀರೆಯ ಸೆರಗು ಸಿಕ್ಕಿಸಿಕೊಂಡು ಕೇಳಿದಳು: "ಯಪ್ಪಾ, ನಂಗ ಖರೇನ ಒಂದು ಕೊಬ್ರಿ ಬಟ್ಲು ಬೇಕಾಗೇತಿ. ತಗಳ್ಲೇನು?"

"ಇವತ್ತು ಬ್ಯಾಡ. ನೀವು ಚೌಕಾಸಿ ಮಾಡ್ಕಂತ ನಿಂತ್ರ ರಶ್ ಮುಂದಕ ಹೋಗಂಗಿಲ್ಲ. ಇವತ್ತು ಸುಮ್ನ ಗಿರಾಕಿ ಆಗ್ರಿ."

"ಸುಮ್ನ ಗಿರಾಕಿ ಅಂದ್ರ ಹೆಂಗ?"

"ಅಂಗಡಿ ನೋಡ್ಕಂತ ಅಡ್ಡಾಡ್ರಿ. ನಗ್ತಿರ್ರಿ."

"ನಗಾಕ ಬ್ಯಾರೆ ಕೂಲಿ ಆಗ್ತೈತಿ ನೋಡು," ಎಂದಳು ಉಚ್ಚೆಂಗಮ್ಮ.

ನಾಟಿ ಮಾಡುವ ಹೆಂಗಸರ ಕೆಲಸಕ್ಕೆ ಎರಡು ಕಟ್ಟಳೆ. ಒಂದು, ಸಾಲು ಮುರಿಯಬಾರದು. ಪಕ್ಕದವಳಿಗಿಂತ ಮುಂದೆ ಹೋಗಬಾರದು, ಹಿಂದೆ ಬೀಳಬಾರದು. ಬದು ಮುಟ್ಟಿದ ಮೇಲೆ ಎಲ್ಲರೂ ಒಟ್ಟಿಗೆ ತಿರುಗಬೇಕು. ಎರಡು, ಮೇಸ್ತ್ರಿ ಬದುವಿನ ಮೇಲೆ ನಿಂತು ಸೆರಗು ಕೊಡವಿದಳೆಂದರೆ ಊಟದ ಹೊತ್ತು. ಕೈಯಲ್ಲಿ ಸಸಿ ಇದ್ದರೂ ಸರಿ, ಜಮೀನಿನವನು ಎದುರು ನಿಂತಿದ್ದರೂ ಸರಿ, ಕೂರಬೇಕು. ಮೇಸ್ತ್ರಿ ಏಳೆನ್ನುವ ತನಕ ಏಳಬಾರದು.

ಹಾಗಾಗಿ ಕಂಪ್ಲಿಯ ಬಜಾರಿನಲ್ಲಿ ಗಿರಾಕಿಗಳು ಸಾಲು ಹಿಡಿದು ಹೊರಟರು. ಆ ತುದಿಯ ಬೇವಿನ ಗಿಡ ಮುಟ್ಟಿ ಎಲ್ಲರೂ ಒಟ್ಟಿಗೆ ತಿರುಗಿದರು. ಈ ತುದಿಯ ಥರ್ಮಾಕೋಲ್ ಕಂಬ ಮುಟ್ಟಿ ಮತ್ತೆ ತಿರುಗಿದರು. ಕರೆಮ್ಮ ಅಂಚಿನಲ್ಲಿ ನಡೆಯುತ್ತ ಹಲ್ಲು ಕಚ್ಚಿ ಬೈದಳು: "ಲೇ, ಇದು ಗದ್ದಿ ಅಲ್ಲ. ಚದುರಿ ನಡೀರೇ." ಅವರು ಚದುರಿದರು, ನಾಲ್ಕು ಅಂಗಡಿ ದಾಟುವಷ್ಟರಲ್ಲಿ ಕಾಲು ತಾವಾಗಿಯೇ ಸಾಲಿಗೆ ಬಂದವು. ಹುಟ್ಟಿದಾಗಿನಿಂದ ಕಲಿತ ನಡಿಗೆಯನ್ನು ಒಂದು ಕೈಚೀಲ ಮರೆಸುವುದಿಲ್ಲ.

ಸಾಹೇಬ ಹನ್ನೊಂದಕ್ಕೆ ಬಂದ. ನೀಲಿ ಶರ್ಟು, ಕಪ್ಪು ಕನ್ನಡಕ. ಅವನಿಗೆ ಹಾರ ಹಾಕಿ, ಪೇಟ ಸುತ್ತಿ, ಬಂಗಾರದ ಅಂಗಡಿಯ ಮುಂದಿನ ಸೋಫಾದಲ್ಲಿ ಕೂರಿಸಿದರು. ಅವನು ಬೀದಿಯ ಉದ್ದಕ್ಕೂ ನೋಡಿ "ಚಾಲಾ ಬಾಗುಂದಿ" ಎಂದು ತೆಲುಗಿನಲ್ಲೇ ಮೆಚ್ಚಿದ. ಅಂಥ ದಡ್ಡನನ್ನು ಕರೆಮ್ಮ ಹೈದರಾಬಾದಿನಿಂದ ನಿರೀಕ್ಷಿಸಿರಲಿಲ್ಲ. ಅವನ ಜೊತೆ ಬಂದ ಹುಡುಗಿ ಮಾತ್ರ ಕೂರಲಿಲ್ಲ. ತುಂಗಭದ್ರಾ ಡ್ಯಾಮಿನ ಕ್ವಾರ್ಟರ್ಸಿನಲ್ಲಿ ಬೆಳೆದವಳು, ಸಂಘಮಿತ್ರಾ ಎಂದು ಹೆಸರು, ಈಗ ಕಂಪನಿಯಲ್ಲಿ ಕೆಲಸ. ಕೈಯಲ್ಲಿ ಒತ್ತಿದರೆ ಟಿಕ್ ಎನ್ನುವ ಎಣಿಸುವ ಯಂತ್ರ ಹಿಡಿದು ಬೀದಿಬದಿಯಲ್ಲಿ ನಿಂತಿದ್ದಳು. ಸ್ವಲ್ಪ ಹೊತ್ತಿಗೆ ಟಿಕ್ ಎನ್ನುವುದು ನಿಂತಿತು. ಕರೆಮ್ಮನ ಪಕ್ಕ ಬಂದು ತಣ್ಣಗೆ ಹೇಳಿದಳು:

"ಸಾಲು ಭಾಳ ನೀಟೈತಿ ಅಮ್ಮ."

"ನಮ್ಮೂರಾಗ ಹಿಂಗ ನಡೀತೀವಿ."

"ಆ ಹಸಿರು ಸೀರಿ ಅಜ್ಜಿನ ಹತ್ತು ಸಲ ಎಣಿಸೀನಿ. ಚೀಲದಾಗ ಹುಲ್ಲು ಹೊರಗ ಬಂದೈತಿ. ಒಳಗ ತುರುಕ್ಕಂತ ಹೇಳ್ರಿ."

"ನಿಮ್ಮ ಸಾಹೇಬ್ರಿಗೆ ಹೇಳಂಗಿಲ್ಲೇನು?"

"ಅವ್ರು ಕೇಳಿದ್ರ ಹೇಳ್ತೀನಿ. ಅವ್ರು ಕೇಳಂಗಿಲ್ಲ," ಎಂದಳು ಹುಡುಗಿ. ಅವಳ ದನಿಯಲ್ಲಿ ಬೇಸರಕ್ಕಿಂತ ರೂಢಿಯೇ ಹೆಚ್ಚಿತ್ತು.

ಬಿಸಿಲು ಏರಿತು. ಸಾಹೇಬ ಎಳನೀರು ಕುಡಿಯುತ್ತ ಕೂತಿದ್ದ. ಕರೆಮ್ಮ ಚಹಾ ಹುಡುಕಿಕೊಂಡು ಹೊರಟಳು. ಬಸ್ ಸ್ಟ್ಯಾಂಡಿನ ಹಿಂದೆ, ಮೂತ್ರದ ಗೋಡೆಯ ಪಕ್ಕ, ಎಬ್ಬಿಸಿ ಕಳಿಸಿದವರೆಲ್ಲ ಅಲ್ಲಿದ್ದರು. ಹೊನ್ನೂರುಸ್ವಾಮಿಯ ಎಣ್ಣೆ ತಣ್ಣಗಾಗಿತ್ತು. ಮುದುಕಪ್ಪ ಅಡ್ಡಗಲ್ಲಿನ ಮೇಲೆ ಕೂತು ಯಾರದೂ ಅಲ್ಲದ ಚಪ್ಪಲಿಗೆ ಮೊಳೆ ಹೊಡೆಯುತ್ತಿದ್ದ.

"ಇಲ್ಲಿ ಯಾರು ಮಿರ್ಚಿ ತಿಂತಾರಲೇ?" ಎಂದಳು ಕರೆಮ್ಮ. "ವಾಸನಿಗೆ ನೊಣನೂ ಬರಂಗಿಲ್ಲ."

"ಒಂದಿನದ್ದು ಬಿಡಕ್ಕ," ಎಂದ ಹೊನ್ನೂರುಸ್ವಾಮಿ. "ವಿಜಯಣ್ಣ ಮಾತು ಕೊಟ್ಟಾನ. ಇನ್ನ ಮ್ಯಾಲೆ ಬಂಡಿ ಇಲ್ಲ, ಹೋಟ್ಲು. ಮೂಲಿ ಶಟ್ರು ನಂಗ."

ಮುದುಕಪ್ಪನ ಸುತ್ತಿಗೆ ಗಾಳಿಯಲ್ಲೇ ನಿಂತಿತು. "ಯಾವ ಮೂಲಿ?"

"ಅದ, ನಿನ್ನ ಹಿಂದಿಂದು."

"ಅದನ್ನ ನನಗ ಕೊಡ್ತೀನಿ ಅಂದಾನಲಲೇ. ಆಂಜನೇಯನ ಗುಡಿ ಮುಂದ ಅಂದಾನ, ಗಂಟಿ ಮುಟ್ಟಿ."

"ನಂಗ ದರ್ಗಾದ ಮುಂದ ಅಂದಾನ," ಎಂದ ಹೊನ್ನೂರುಸ್ವಾಮಿ ಸಣ್ಣ ದನಿಯಲ್ಲಿ.

ಇಬ್ಬರೂ ಕರೆಮ್ಮನ ಮುಖ ನೋಡಿದರು. ಅವಳು ಚಹಾದ ಲೋಟ ಕೆಳಗಿಟ್ಟಳು. ಸಿಟ್ಟು ಬಂದಾಗ ಕರೆಮ್ಮ ಕೂಗುವವಳಲ್ಲ, ಕೂಗುವುದೆಲ್ಲ ಸಣ್ಣಪುಟ್ಟದ್ದಕ್ಕೆ.

"ನನಗ ಅಂಗಳದ ಕುರ್ಚಿ ಮುಂದ ಅಂದ," ಎಂದಳು. "ನನ್ನ ಹತ್ರ ದೇವರನ್ನೂ ಖರ್ಚು ಮಾಡ್ಲಿಲ್ಲ ನೋಡು ಮಗ."

"ಈಗೇನು ಮಾಡಾದು?" ಎಂದ ಮುದುಕಪ್ಪ.

"ನೀವು ಏನೂ ಮಾಡಬ್ಯಾಡ್ರಿ. ಇಷ್ಟು ದಿನ ಮಾಡಿದ್ದು ಅದ ಅಲ್ಲೇನು? ಎಬ್ಬಿಸಿದ್ರ ಏಳ್ತೀರಿ, ಕುಂದ್ರಿಸಿದ್ರ ಕುಂದರ್ತೀರಿ."

ಅವಳು ಬಜಾರಿಗೆ ಮರಳುವ ಹೊತ್ತಿಗೆ ವಿಜಯಕುಮಾರ್ ಮೈಕು ಹಿಡಿದಿದ್ದ. "ನಮ್ಮ ಬಜಾರು ಸರ್ವಜನಾಂಗದ ತೋಟ" ಎನ್ನುತ್ತಿದ್ದ. "ಇಲ್ಲಿ ಎಲ್ಲರೂ ಅಣ್ಣತಮ್ಮಂದಿರು. ನೋಡಿ ಸರ್, ಹೊತ್ತು ಗೊತ್ತಿಲ್ಲದೆ ಹರಿಯುವ ಜನಸಾಗರ." ಸಾಹೇಬ ತಲೆದೂಗುತ್ತಿದ್ದ. ಸಾಲು ಥರ್ಮಾಕೋಲ್ ಕಂಬ ಮುಟ್ಟಿ ತಿರುಗಿ, ಸರಿಯಾಗಿ ಸೋಫಾದ ಎದುರಿಗೆ ಬಂದಿತ್ತು.

ಕರೆಮ್ಮ ಮೂಲೆ ಶಟರಿನ ಕಟ್ಟೆ ಹತ್ತಿದಳು. ಸೊಂಟದಿಂದ ಸೆರಗು ಬಿಚ್ಚಿ, ಅಗಲ ಮಾಡಿ, ಒಮ್ಮೆ ಕೊಡವಿದಳು.

ಜನಸಾಗರ ಕೂತುಬಿಟ್ಟಿತು. ಬೀದಿಯ ಉದ್ದಕ್ಕೂ, ಎರಡು ಸಾಲಿನಲ್ಲಿ, ಚಕ್ಕಳಮಕ್ಕಳ ಹಾಕಿ, ಹುಲ್ಲಿನ ಚೀಲವನ್ನು ಪಕ್ಕಕ್ಕಿಟ್ಟು. ಒಂದು ಸೈಕಲ್ ಹೋಗಲೂ ದಾರಿ ಉಳಿಯಲಿಲ್ಲ. ಉಚ್ಚೆಂಗಮ್ಮ ಬಂಗಾರದ ಅಂಗಡಿಯ ಶೆಟ್ಟರನ್ನು ಕೇಳಿದಳು, "ಎಲಿ ಹಾಕ್ತೀರೋ, ತಾಟು ಕೊಡ್ತೀರೋ?"

ಮೈಕು ಕೀರಲು ದನಿ ಹೊರಡಿಸಿ ನಿಂತಿತು. ವಿಜಯಕುಮಾರ್ ಓಡಿ ಬಂದ.

"ಏನು ಮಾಡ್ತಿಯಬೇ? ಊಟಕ್ಕ ಇನ್ನ ಟೈಮೈತಿ. ಎಬ್ಬಿಸು."

"ನಾ ಎಬ್ಬಿಸೋತನಕ ಏಳಂಗಿಲ್ಲ ಅವ್ರು. ಕೀಲಿ ತಾ."

"ಯಾವ ಕೀಲಿ?"

"ಮೂರು ಮಂದಿಗೆ ಕೊಟ್ಟಿಯಲ್ಲ, ಅದು."

ಅವನ ಮುಖದಲ್ಲಿ ನಗು ಇನ್ನೂ ಇತ್ತು, ಒಣಗಲು ಹಾಕಿದ ಬಟ್ಟೆಯ ಹಾಗೆ. "ಸಂಜಿಗೆ ಕೊಡ್ತೀನಿ ಅಂದೀನಲ್ಲ. ಮರ್ಯಾದಿ ತೆಗಿಬ್ಯಾಡ."

"ಇಲ್ಲದ್ದನ್ನ ಹೆಂಗ ತೆಗೀಲಿ?"

ಸಾಹೇಬ ಎದ್ದು ನಿಂತು ಯಾರಿವರು ಎಂದು ಕೇಳಿದ. ವಿಜಯಕುಮಾರ್ ಬಾಯಿ ತೆರೆಯುವ ಮೊದಲೇ ಸಂಘಮಿತ್ರಾ ಹೇಳಿದಳು: "ಮೆಟ್ರಿ ನಾಟಿ ಆಳುಗಳು ಸರ್. ಗಿರಾಕಿ ಅಲ್ಲ." ಆಗ ಸಾಹೇಬ ಕೋಪಿಸಿಕೊಳ್ಳುತ್ತಾನೆ ಎಂದು ಎಲ್ಲರೂ ಕಾದರು. ಅವನು ಕನ್ನಡಕ ತೆಗೆದು ಆ ಎರಡು ಸಾಲನ್ನು ಆ ತುದಿಯಿಂದ ಈ ತುದಿಯವರೆಗೆ ಆಸೆಗಣ್ಣಿನಿಂದ ನೋಡಿದ. ಕರೆಮ್ಮನ ಹತ್ತಿರ ಬಂದು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ, ಹೊಸಪೇಟೆಯಲ್ಲಿ ತಮ್ಮ ಮಾಲ್ ಓಪನಿಂಗ್ ಇದೆ, ಇಷ್ಟೇ ಶಿಸ್ತಿನ ಜನ ಬೇಕು, ಬರುತ್ತೀರಾ ಎಂದ.

"ನಿಮಗೂ ಗಿರಾಕಿ ಇಲ್ಲೇನ್ರಿ?" ಎಂದಳು ಕರೆಮ್ಮ.

ಬಳೆ ಅಂಗಡಿಯವರು ಮೊದಲು ನಕ್ಕರು. ಆಮೇಲೆ ಇಡೀ ಬೀದಿ ನಕ್ಕಿತು. ಅಂಗಡಿಯವರೆಲ್ಲ ಒಂದಾಗಿದ್ದನ್ನು ಆ ಬೀದಿ ಕಂಡದ್ದು ಅದೇ ಮೊದಲು, ಅದೂ ಅಧ್ಯಕ್ಷನ ಮಾನ ಹೋಗುವಾಗ. ಪಲಾವಿನ ಗಾಡಿ ಬಂದು ಥರ್ಮಾಕೋಲ್ ಕಂಬದ ಆಚೆ ನಿಂತಿತು, ಒಳಗೆ ಬರಲು ದಾರಿಯಿಲ್ಲ. ಸಾಹೇಬನ ಕಾರು ಈಚೆ ಸಿಕ್ಕಿಬಿದ್ದಿತ್ತು, ಹೊರಗೆ ಹೋಗಲು ದಾರಿಯಿಲ್ಲ. ವಿಜಯಕುಮಾರ್ ಬೆವರು ಒರೆಸಿಕೊಂಡ. ಕೀಲಿ ಗೊಂಚಲಿನಿಂದ ಒಂದನ್ನು ಕಿತ್ತು, ಕರೆಮ್ಮನ ಕೈಗೆ ಕೊಡದೆ ಕಟ್ಟೆಯ ಮೇಲೆ ಎಸೆದ.

ಅವಳು ಬಗ್ಗಲಿಲ್ಲ. "ಎತ್ತಿ ಕೊಡು."

ಎತ್ತಿ ಕೊಟ್ಟ.

ಶಟರನ್ನು ಎತ್ತಲು ನಾಲ್ವರು ಹೆಂಗಸರು ಬೇಕಾಯಿತು. ಒಳಗೆ ಕಮಿಟಿ ಸಾಮಾನು ನಿಜವಾಗಿಯೂ ಇತ್ತು. ಗೋಡೆಗೆ ಒರಗಿಸಿಟ್ಟ ಗ್ರಾನೈಟ್ ಕಲ್ಲುಗಳು, ಒಂದರ ಹಿಂದೊಂದು, ಧೂಳು ಮುಸುಕಿದ್ದವು. ಸಂಘಮಿತ್ರಾ ಒಳಗೆ ಇಣುಕಿ ಅಂಗೈಯಿಂದ ಒರೆಸಿ ಓದಿದಳು. 'ಬಜಾರ್ ರಸ್ತೆ ಅಭಿವೃದ್ಧಿ ಕಾಮಗಾರಿ, ಶಂಕುಸ್ಥಾಪನೆ.' ಎರಡನೆಯದೂ ಅದೇ. ಮೂರನೆಯದೂ ಅದೇ. ಮಂತ್ರಿಗಳು ಬದಲಾಗಿದ್ದರು, ವರ್ಷ ಬದಲಾಗಿತ್ತು. ಕೆಳಗೆ ಬಂಗಾರದ ಬಣ್ಣದಲ್ಲಿ 'ಘನ ಉಪಸ್ಥಿತಿ: ಶ್ರೀ ವಿಜಯಕುಮಾರ್' ಮಾತ್ರ ಎಲ್ಲದರಲ್ಲೂ ಇತ್ತು. ಪ್ರತಿ ಸಲ ಮುಹೂರ್ತಕ್ಕೆ ನೆಟ್ಟು, ಫೋಟೋ ಮುಗಿದ ಮೇಲೆ ಕಿತ್ತು ತಂದು ಇಟ್ಟಿದ್ದ.

"ಹೊಸದೂ ಐತಿ," ಎಂದ ಬಳೆ ಅಂಗಡಿಯವನು ಬೀದಿಗೆಲ್ಲ ಕೇಳುವಂತೆ. "ಕಾರಿನ ಡಿಕ್ಕ್ಯಾಗ. ಸಾಹೇಬ್ರ ಹೆಸರು ಕೆತ್ತಿಸ್ಯಾನ."

ಸಾಹೇಬ ಪೇಟ ತೆಗೆದು ಸೋಫಾದ ಮೇಲಿಟ್ಟ. ಮುಂದಿನ ವಾರ ಫೋನ್ ಮಾಡುತ್ತೇವೆ ಎಂದ. ಕರೆಮ್ಮ "ಏಳ್ರೇ" ಎಂದಳು. ಸಾಲು ಎದ್ದು ಎರಡು ಭಾಗವಾಯಿತು, ನಡುವೆ ಕಾರು ಹೋಯಿತು. ಹೋಗುವಾಗ ಎಮ್ಮೆ ಹಗ್ಗಕ್ಕೆ ಕನ್ನಡಿ ಸಿಕ್ಕಿ ಒಂದು ಹಂಪಿ ಕಂಬ ನಡು ಮುರಿದು ಚರಂಡಿಗೆ ಬಿತ್ತು. ಯಾರೂ ಎತ್ತಲಿಲ್ಲ. ಫೋನು ಬರಲೂ ಇಲ್ಲ.

ಹೆಂಗಸರು ಪಲಾವ್ ತಿಂದು, ಉಪ್ಪಿಲ್ಲವೆಂದು ಬೈದು, ಚೀಲದ ಹುಲ್ಲನ್ನು ಬೀದಿಯಲ್ಲೇ ಸುರಿದು ಖಾಲಿ ಮಾಡಿದರು. ಕೂಲಿ ಕೈಯಲ್ಲಿತ್ತು, ಹೊತ್ತು ಇತ್ತು, ಚೀಲವೂ ಇತ್ತು. ಉಚ್ಚೆಂಗಮ್ಮ ಮೊದಲು ಕೊಬ್ಬರಿ ಬಟ್ಟಲು ತೆಗೆದುಕೊಂಡಳು, ಅರ್ಧ ತಾಸು ಚೌಕಾಸಿ ಮಾಡಿ.

ಮೂಲೆ ಶಟರಿನಲ್ಲಿ ಪಲ್ಲವಿಯ ಮಿಷನ್ ಈಗ ಓಡುತ್ತಿದೆ. ಮುದುಕಪ್ಪ ಮತ್ತು ಹೊನ್ನೂರುಸ್ವಾಮಿ ತಮ್ಮ ತಮ್ಮ ಜಾಗಕ್ಕೆ ಬಂದಿದ್ದಾರೆ. ಶಟರು ತನಗೆ ಸಿಗಲಿಲ್ಲವೆಂದು ಹೊನ್ನೂರುಸ್ವಾಮಿ ಒಂದು ವಾರ ಕರೆಮ್ಮನ ಜೊತೆ ಮಾತು ಬಿಟ್ಟಿದ್ದ. ಮುದುಕಪ್ಪ ಒಂದು ಗ್ರಾನೈಟನ್ನು ಕೇಳಿ ತೆಗೆದುಕೊಂಡು ಅದರ ಮೇಲೆ ತೊಗಲು ಬಡಿಯುತ್ತಾನೆ. ಉಳಿದವುಗಳಲ್ಲಿ ದೊಡ್ಡದನ್ನು ಕರೆಮ್ಮ ಚರಂಡಿಯ ಮೇಲೆ ಅಡ್ಡ ಹಾಸಿ ಅಂಗಡಿಗೆ ಮೆಟ್ಟಿಲು ಮಾಡಿದಳು. ನುಣುಪು ಮುಖ ಮೇಲೆ ಇದ್ದರೆ ತೊಳೆಯಲು ಸುಲಭ, ಹಾಗಾಗಿ ಅಕ್ಷರ ಮೇಲೆಯೇ ಬಂತು.

ತಿಂಗಳು ಕಳೆದ ಮೇಲೆ ವಿಜಯಕುಮಾರ್ ಕೀಲಿ ವಾಪಸ್ ಕೇಳಲು ಬಂದ. ಚರಂಡಿಯ ಈಚೆ ನಿಂತು ಕಾಲು ಎತ್ತಿದ, ಕೆಳಗೆ ನೋಡಿದ, ಇಳಿಸಿದ. ಒಳಗೆ ಹೋಗಲು ಬೇರೆ ದಾರಿಯಿರಲಿಲ್ಲ.

"ಬರ್ರಿ ಅಧ್ಯಕ್ಷರ, ಒಳಗ ಬರ್ರಿ," ಎಂದಳು ಕರೆಮ್ಮ, ಒಳಗಿನಿಂದಲೇ, ಗುಂಡಿ ಹಚ್ಚುತ್ತ. "ಮಾತಾಡಾನ. ಯಾಕ ನಿಂತ್ರಿ?"

ಅವನು ನಿಂತೇ ಇದ್ದ. ಹಿಂದಿನಿಂದ ಬಂದ ಉಚ್ಚೆಂಗಮ್ಮ, "ಅತ್ಲಾಗ ಸರೀರಿ, ನನ್ನ ಜಂಪರ್ ಹೊಲಿಯಾಕ ಕೊಡಾದೈತಿ" ಎಂದು ಅವನನ್ನು ಪಕ್ಕಕ್ಕೆ ತಳ್ಳಿ, ಗದ್ದೆಯ ಕೆಸರಿನ ಎರಡೂ ಕಾಲನ್ನು ಆ ಬಂಗಾರದ ಅಕ್ಷರಗಳ ಮೇಲೆ ಚೆನ್ನಾಗಿ ಒರೆಸಿಕೊಂಡು ಒಳಗೆ ಹೋದಳು.